ನಾಲ್ಕು ಮಾಫ್‌ಗಳು, ಒಂದು ತಕ್ಕಡಿ: ಕರಾವಳಿಯ ಮಳೆಗಾಲದಲ್ಲಿ ಮಾಡಿ ನೋಡಿದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ: ಕಾಲೇಜಿನ ಸಾಧಾರಣ ಪ್ರಯೋಗಾಲಯದಲ್ಲಿ ಲೋಹ-ಸಾವಯವ ಚೌಕಟ್ಟೊಂದನ್ನು, ಅಂದರೆ ಲೋಹದ ಪರಮಾಣುಗಳನ್ನು ಸಾವಯವ ಅಣುಗಳ ಕೊಂಡಿಗಳು ಜೋಡಿಸಿ, ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುವ, ಎಲ್ಲರೂ ಮಾಫ್ ಎಂದು ಕರೆಯುವ ವಸ್ತುವನ್ನು, ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಿ, ಅದರ ರಂಧ್ರಗಳು ನಿಜಕ್ಕೂ ತೆರೆದುಕೊಂಡಿವೆಯೇ ಎಂದು ಅಲ್ಲಿಯೇ ಪರೀಕ್ಷಿಸಬೇಕೆಂದಿದ್ದರೆ ನನ್ನ ಆಯ್ಕೆ ಅಲ್ಯುಮಿನಿಯಂ ಫ್ಯೂಮರೇಟ್. ಎರಡು ಮಳೆಗಾಲಗಳಲ್ಲಿ ನಾಲ್ಕು ವಸ್ತುಗಳನ್ನು ಮಾಡಿ, ವಿಭಾಗದ ರಾಸಾಯನಿಕಗಳ ಹಣದಲ್ಲಿ ದೊಡ್ಡ ಪಾಲನ್ನು ತಪ್ಪಾದ ಕಡೆ ಖರ್ಚು ಮಾಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

2025ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ ಇಂಥ ಚೌಕಟ್ಟುಗಳ ಕೆಲಸಕ್ಕಾಗಿ ಬಂದ ಮೇಲೆ, ಎಂ.ಎಸ್‌ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ "ಮಾಫ್ ಮಾಡೋಣ ಮೇಡಂ" ಎಂದು ಕೇಳಿಕೊಂಡು ಬರುವವರು ನಮ್ಮಲ್ಲಿ ಹೆಚ್ಚಿದ್ದಾರೆ. ಬೇರೆ ಕಾಲೇಜುಗಳಲ್ಲೂ ಹೀಗೇ ಇರಬೇಕು. ಅವರಿಗೆ ಮಾರ್ಗದರ್ಶನ ಮಾಡುವವರು ನಾವು ಎಡವಿದಲ್ಲೇ ಎಡವಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಅನಿಲ ಹೀರಿಕೆಯಿಂದ ಮೇಲ್ಮೈ ವಿಸ್ತೀರ್ಣ ಅಳೆಯುವ ಉಪಕರಣವಿಲ್ಲ. ಇರುವುದು ಗ್ರಾಮಿನ ನಾಲ್ಕನೇ ದಶಮಾಂಶದವರೆಗೆ ತೂಗುವ ತಕ್ಕಡಿ, ಬಿಸಿಗಾಳಿಯ ಓವನ್, ಮತ್ತು ಕಿಟಕಿಯ ಹೊರಗೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೀರಾವಿಯಿಂದ ತುಂಬಿದ ಕರಾವಳಿಯ ಗಾಳಿ. ಯಾಘಿ ಅವರ ತಂಡವು ಎಂಐಟಿಯ ಸಂಶೋಧಕರೊಂದಿಗೆ ಸೇರಿ, ಜಿರ್ಕೋನಿಯಂ ಫ್ಯೂಮರೇಟ್ ಆಗಿರುವ ಮಾಫ್-801ರ ನೆರವಿನಿಂದ ಶೇ 20ರಷ್ಟು ಸಾಪೇಕ್ಷ ಆರ್ದ್ರತೆಯ ಗಾಳಿಯಿಂದಲೂ ನೀರು ತೆಗೆಯಬಹುದೆಂದು 2017ರಲ್ಲಿ ತೋರಿಸಿತ್ತು. ಅಷ್ಟು ಒಣ ಗಾಳಿಯಲ್ಲಿಯೇ ಸಾಧ್ಯವಾಗುವುದಾದರೆ ನಮ್ಮ ಆಷಾಢದ ಗಾಳಿಯನ್ನೇ ಪರೀಕ್ಷೆಯ ಅನಿಲವನ್ನಾಗಿ ಏಕೆ ಬಳಸಬಾರದು ಎಂದುಕೊಂಡೆವು. ಪುಡಿಯನ್ನು ಓವನ್ನಿನಲ್ಲಿ ಒಣಗಿಸಿ, ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರಿನಲ್ಲಿ ಆರಿಸಿ, ವಾಚ್ ಗ್ಲಾಸಿನ ಮೇಲೆ ಒಂದು ಗ್ರಾಂ ತೆಳುವಾಗಿ ಹರಡಿ, ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟು ಮರುದಿನ ಬೆಳಿಗ್ಗೆ ತೂಗುವುದು, ಪರೀಕ್ಷೆ ಇಷ್ಟೇ. ರಂಧ್ರಗಳು ತೆರೆದಿದ್ದರೆ ಗಾಳಿಯ ನೀರಾವಿ ಒಳಗೆ ಸೇರಿ ತೂಕ ಏರುತ್ತದೆ.

ನಾಲ್ಕರಲ್ಲಿ ಸತುವಿನ ಚೌಕಟ್ಟಾದ ಜಿಫ್-8 ಮಾಡುವುದು ಎಲ್ಲಕ್ಕಿಂತ ಸುಲಭ. ಸತು ನೈಟ್ರೇಟ್ ಮತ್ತು 2-ಮೀಥೈಲ್ ಇಮಿಡಜೋಲ್‌ಗಳ ಮೆಥನಾಲ್ ದ್ರಾವಣಗಳನ್ನು ಕೋಣೆಯ ಉಷ್ಣತೆಯಲ್ಲಿ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಹಾಲಿನಂತೆ ಬೆಳ್ಳಗಾಗುತ್ತದೆ. ಆದರೆ ಅದರ ರಂಧ್ರಗಳಿಗೆ ನೀರು ಒಗ್ಗುವುದಿಲ್ಲ. ರಾತ್ರಿಯಿಡೀ ಇಟ್ಟರೂ ತೂಕ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು. ವಸ್ತುವಿನದೇನೂ ದೋಷವಿಲ್ಲ, ನಮ್ಮ ಪರೀಕ್ಷೆಗೆ ಅದು ಹೊಂದುವುದಿಲ್ಲ, ಅಷ್ಟೆ. ಈ ಕ್ಷೇತ್ರದ ಹೆಸರನ್ನೇ ಬೆಳಗಿಸಿದ ಮಾಫ್-5 ಅನ್ನು ನಾವು ಕೈಗೆತ್ತಿಕೊಳ್ಳಲೇ ಇಲ್ಲ, ಏಕೆಂದರೆ ತೇವದ ಗಾಳಿ ತಾಗಿದರೆ ಅದರ ಚೌಕಟ್ಟೇ ಕುಸಿಯುತ್ತದೆ.

ಎಚ್‌ಕಸ್ಟ್-1 ನೋಡುವುದಕ್ಕೆ ಬಹಳ ಚೆಂದ. 1999ರಲ್ಲಿ ಹಾಂಗ್‌ಕಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಿಂದ ಹೊರಬಂದು ಅದೇ ವಿಶ್ವವಿದ್ಯಾಲಯದ ಹೆಸರನ್ನು ಹೊತ್ತಿರುವ ಈ ತಾಮ್ರದ ಚೌಕಟ್ಟಿನಲ್ಲಿ, ಎರಡೆರಡು ತಾಮ್ರದ ಪರಮಾಣುಗಳನ್ನು ನಾಲ್ಕು ಕಾರ್ಬಾಕ್ಸಿಲೇಟ್ ಗುಂಪುಗಳು ಸುತ್ತುವರಿದಿರುತ್ತವೆ. ಜೋಡಿಯ ಎರಡು ತುದಿಗಳಲ್ಲಿ ಒಂದೊಂದು ನೀರಿನ ಅಣು ಕುಳಿತಿರುವಾಗ ಪುಡಿ ತಿಳಿನೀಲಿ. ಓವನ್ನಿನಲ್ಲಿ ಆ ನೀರು ಹೋದಾಗ ಕಡುನೇರಳೆ. ಓವನ್ನಿನಿಂದ ತೆಗೆದ ವಾಚ್ ಗ್ಲಾಸಿನ ಮೇಲೆ ವಿದ್ಯಾರ್ಥಿನಿಯೊಬ್ಬಳು ಬಗ್ಗಿ ನೋಡುತ್ತಿದ್ದಂತೆ, ಅವಳ ಉಸಿರು ತಾಗಿದ ಕಡೆಯೆಲ್ಲ ನೇರಳೆ ಕರಗಿ ಆಕಾಶನೀಲಿ ಹರಡಿತು. ಲೋಹಕ್ಕೂ ಅತಿಥಿ ಅಣುವಿಗೂ ಇರುವ ಕೋಆರ್ಡಿನೇಷನ್ ಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ಕಣ್ಣಿಗೆ ತೋರಿಸುವ ಪ್ರಯೋಗ ನನಗಂತೂ ಗೊತ್ತಿಲ್ಲ. ಆದರೆ ಆ ನೀರೇ ದಿನ ಕಳೆದಂತೆ ತಾಮ್ರ ಮತ್ತು ಕಾರ್ಬಾಕ್ಸಿಲೇಟ್ ಗುಂಪುಗಳ ನಡುವಿನ ಬಂಧವನ್ನು ಬಿಡಿಸುತ್ತದೆ. ಮೂರು ವಾರ ಮೇಜಿನ ಮೇಲೆ ತೆರೆದಿಟ್ಟ ಮಾದರಿಯನ್ನು ಮತ್ತೆ ಒಣಗಿಸಿ ತೂಗಿದಾಗ ಅದು ಮೊದಲಿನಷ್ಟು ನೀರು ಹೀರಲಿಲ್ಲ. ಜೊತೆಗೆ ಅದಕ್ಕೆ ಬೇಕಾದ ಟ್ರೈಮೆಸಿಕ್ ಆಮ್ಲ ದುಬಾರಿ.

ಇನ್ನು ಯುಐಓ-66. ಹಣವೂ ಸಮಯವೂ ಹೋದದ್ದು ಇದರ ಮೇಲೆಯೇ. 2008ರಲ್ಲಿ ಓಸ್ಲೋ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಈ ಚೌಕಟ್ಟಿನ ಖ್ಯಾತಿಗೆ ಬಲವಾದ ಕಾರಣವಿದೆ: ಆರು ಜಿರ್ಕೋನಿಯಂ ಪರಮಾಣುಗಳ ಒಂದೊಂದು ಗೊಂಚಲನ್ನು ಹನ್ನೆರಡು ಟೆರೆಫ್ತಾಲೇಟ್ ಕೊಂಡಿಗಳು ಹಿಡಿದಿರುವುದರಿಂದ ಒಂದೆರಡು ಕಳಚಿದರೂ ಕಟ್ಟಡ ನಿಲ್ಲುತ್ತದೆ, ನೀರಿಗೂ ಆಮ್ಲಕ್ಕೂ ಜಗ್ಗುವುದಿಲ್ಲ. ಆ ಖ್ಯಾತಿಯನ್ನು ನಂಬಿ ನಾವು ಟೆಫ್ಲಾನ್ ಒಳಪದರದ ಆಟೋಕ್ಲೇವ್ (ಒತ್ತಡ ತಡೆಯುವ ಬಿಗಿಮುಚ್ಚಳದ ಪಾತ್ರೆ), ಜಿರ್ಕೋನಿಯಂ ಟೆಟ್ರಾಕ್ಲೋರೈಡ್ ಮತ್ತು ಎರಡೂವರೆ ಲೀಟರ್ ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕ) ಕೊಂಡೆವು. ಟೆಟ್ರಾಕ್ಲೋರೈಡಿನ ಬಾಟಲಿಯನ್ನು ಮಳೆಗಾಲದಲ್ಲಿ ತೆರೆದೊಡನೆ ಬಿಳಿಯ ಹೊಗೆ ಎದ್ದು, ತಿಂಗಳೊಳಗೆ ಪುಡಿ ಗಂಟುಕಟ್ಟಿತು. ಈಗ ಮಾಡುವವರು ಗಾಳಿಯಲ್ಲಿ ಕೆಡದ ಜಿರ್ಕೋನಿಲ್ ಕ್ಲೋರೈಡನ್ನು ಕೊಂಡರೆ ಆ ನಷ್ಟ ತಪ್ಪುತ್ತದೆ. ಅದರಿಂದಲೂ ಇದೇ ಚೌಕಟ್ಟು ಬರುತ್ತದೆ.

ನಿಜವಾದ ತೊಡಕು ಬಾಟಲಿಯದಲ್ಲ, ಡಿಎಂಎಫ್‌ನದು. 120 ಡಿಗ್ರಿಯಲ್ಲಿ 24 ಗಂಟೆ ಇಟ್ಟು ಆಟೋಕ್ಲೇವ್ ತೆರೆದಾಗ ಗಂಜಿಯಂಥ ಬಿಳಿ ಮುದ್ದೆ ಸಿಕ್ಕಿತು. ಅದನ್ನು ಸೆಂಟ್ರಿಫ್ಯೂಜಿನಲ್ಲಿ ಒಮ್ಮೆ ತಣ್ಣನೆಯ ಡಿಎಂಎಫ್‌ನಿಂದ, ಬಳಿಕ ಎರಡು ಬಾರಿ ಮೆಥನಾಲ್‌ನಿಂದ ತೊಳೆದು, 100 ಡಿಗ್ರಿಯ ಓವನ್ನಿನಲ್ಲಿ ರಾತ್ರಿಯಿಡೀ ಇಟ್ಟೆವು. ಹರಳಿನ ರಚನೆಯನ್ನು ಗುರುತಿಸಲೆಂದು ಶುಲ್ಕ ಕೊಟ್ಟು ಹೊರಗೆ ಮಾಡಿಸಿದ ಎಕ್ಸ್‌ಕಿರಣ ವಿವರ್ತನೆಯ ನಕ್ಷೆಯಲ್ಲಿ 7.4 ಮತ್ತು 8.5 ಡಿಗ್ರಿ ಕೋನಗಳಲ್ಲಿ ಇರಬೇಕಾದ ಎರಡು ಶಿಖರಗಳೂ ಚೂಪಾಗಿ ಎದ್ದು ನಿಂತಿದ್ದವು. ಪ್ರಾಜೆಕ್ಟ್ ಮುಗಿಯಿತೆಂದು ವಿದ್ಯಾರ್ಥಿಗಳು ಸಂಭ್ರಮಪಟ್ಟರು. ತಕ್ಕಡಿಯ ಮೇಲೆ ಮಾತ್ರ ಒಂದು ಗ್ರಾಂ ಪುಡಿ ರಾತ್ರಿಯಿಡೀ ಹೀರಿದ್ದು 0.12 ಗ್ರಾಂ ನೀರು. ಈ ಚೌಕಟ್ಟಿಗೆ ಇದು ತೀರಾ ಕಡಿಮೆ.

ಕಾರಣ ಹುಡುಕಲು ವಾರಗಳೇ ಹಿಡಿದವು. ವಿವರ್ತನೆಯ ಶಿಖರಗಳ ಸ್ಥಾನ ಹೇಳುವುದು ಕ್ರಮವಾಗಿ ಮರುಕಳಿಸುವ ಗೋಡೆಗಳ ಲೆಕ್ಕವನ್ನು. ರಂಧ್ರದೊಳಗೆ ಅಡ್ಡಾದಿಡ್ಡಿಯಾಗಿ ತುಂಬಿಕೊಂಡಿರುವ ಅಣುಗಳಿಂದ ಆ ಸ್ಥಾನ ಬದಲಾಗುವುದಿಲ್ಲ. ಓವನ್ನಿನ ಶಾಖವನ್ನು 150 ಡಿಗ್ರಿಗೆ ಏರಿಸಿ ಬಾಗಿಲು ತೆರೆದಾಗ ಹಳಸಿದ ಮೀನಿನ ವಾಸನೆ ಬಂತು, ಮೀನು ಮಾರುಕಟ್ಟೆಯ ಹತ್ತಿರವೇ ಬೆಳೆದ ನಮಗೆ ಗುರುತು ಹಿಡಿಯಲು ತಡವಾಗಲಿಲ್ಲ: ಡಿಎಂಎಫ್ ಒಡೆದಾಗ ಹುಟ್ಟುವ ಡೈಮೀಥೈಲ್ ಅಮೀನಿನ ವಾಸನೆ ಅದು. ಅವಕೆಂಪು (ಇನ್‌ಫ್ರಾರೆಡ್) ರೋಹಿತದಲ್ಲೂ ಸೆಂಟಿಮೀಟರಿಗೆ 1660 ಅಲೆಗಳ ಆಸುಪಾಸಿನಲ್ಲಿ ಡಿಎಂಎಫ್‌ನ ಕಾರ್ಬೊನೈಲ್ ಶಿಖರ ಎದ್ದು ಕಾಣುತ್ತಿತ್ತು. ಕುದಿಬಿಂದುವೇ 153 ಡಿಗ್ರಿ ಇರುವ, ಅದರ ಮೇಲೆ ಗೊಂಚಲಿನ ಹೈಡ್ರಾಕ್ಸಿಲ್‌ಗಳಿಗೆ ಹೈಡ್ರೋಜನ್ ಬಂಧದಿಂದ ಅಂಟಿಕೊಂಡಿರುವ ದ್ರಾವಕವನ್ನು ಬರಿಯ ಓವನ್ನಿನಿಂದ ಓಡಿಸಲಾಗದು. ರಂಧ್ರಗಳನ್ನು ಖಾಲಿ ಮಾಡುವ ಈ ಹಂತಕ್ಕೆ ಆಕ್ಟಿವೇಷನ್ ಎನ್ನುತ್ತಾರೆ. ಸಂಶೋಧನಾ ಪ್ರಬಂಧಗಳಲ್ಲಿ ಅದು ಬಹುತೇಕ ಒಂದೇ ಸಾಲಿನಲ್ಲಿ ಮುಗಿದುಹೋಗಿರುತ್ತದೆ.

ನಮ್ಮ ದೊಡ್ಡ ತಪ್ಪು ತೊಳೆದ ಕ್ರಮದಲ್ಲಿತ್ತು. ಕೊಂಡಿಗಳಿಗಾಗಿ ಹಾಕಿ, ಪ್ರತಿಕ್ರಿಯಿಸದೆ ಉಳಿದ ಟೆರೆಫ್ತಾಲಿಕ್ ಆಮ್ಲ ಡಿಎಂಎಫ್‌ನಲ್ಲಿ ಕರಗುತ್ತದೆ, ಮೆಥನಾಲ್‌ನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಆತುರದಿಂದ ಮೆಥನಾಲ್ ಹಾಕಿದ್ದರಿಂದ ಆ ಆಮ್ಲ ರಂಧ್ರಗಳಲ್ಲೇ ಬಿರಡೆಯಂತೆ ನಿಂತುಬಿಟ್ಟಿತು. ಎರಡನೆಯ ಮಳೆಗಾಲದಲ್ಲಿ ಹೊಸದಾಗಿ ಮಾಡಿದ ಪುಡಿಯನ್ನು ಮೊದಲು ಬಿಸಿ ಡಿಎಂಎಫ್‌ನಲ್ಲಿ ಮೂರು ಬಾರಿ ತೊಳೆದು, ನಂತರ ಮೂರು ದಿನ ಮೆಥನಾಲ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಸಂಜೆ ಮೆಥನಾಲ್ ಬದಲಾಯಿಸಿ, ಪಕ್ಕದ ವಿಭಾಗದಿಂದ ಕಡ ತಂದ ನಿರ್ವಾತ ಪಂಪಿಗೆ ಜೋಡಿಸಿ 120 ಡಿಗ್ರಿಯಲ್ಲಿ ಒಣಗಿಸಿದೆವು. ಈ ಬಾರಿ ಹೀರಿಕೆ 0.33 ಗ್ರಾಂಗೆ ಏರಿತು. ಯುಐಓ-66 ಒಳ್ಳೆಯ ವಸ್ತುವೇ. ಆದರೆ ಎರಡು ಗ್ರಾಂ ಪುಡಿಗಾಗಿ ಲೀಟರಿಗೂ ಮಿಕ್ಕಿ ದ್ರಾವಕ ಖರ್ಚಾಯಿತು. ಹುಟ್ಟಲಿರುವ ಮಗುವಿಗೆ ಹಾನಿ ಮಾಡಬಲ್ಲ ಡಿಎಂಎಫ್‌ನ ತ್ಯಾಜ್ಯವನ್ನು ಸಿಂಕಿಗೆ ಸುರಿಯುವಂತಿಲ್ಲ. ಅದು ತುಂಬಿದ ಕ್ಯಾನುಗಳು ಈಗಲೂ ನಮ್ಮ ಫ್ಯೂಮ್ ಹುಡ್‌ನ ಕೆಳಗಿವೆ.

ಅಲ್ಯುಮಿನಿಯಂ ಫ್ಯೂಮರೇಟಿನಲ್ಲಿ ಈ ಅಧ್ಯಾಯವೇ ಇಲ್ಲ, ಏಕೆಂದರೆ ಅದರ ದ್ರಾವಕ ನೀರು. ಹದಿನೆಂಟು ನೀರಿನ ಅಣುಗಳಿರುವ ಅಲ್ಯುಮಿನಿಯಂ ಸಲ್ಫೇಟ್ 10 ಗ್ರಾಂ ತೆಗೆದುಕೊಂಡು 60 ಡಿಗ್ರಿಯ ನೀರಿನಲ್ಲಿ ಕರಗಿಸಬೇಕು. ಇನ್ನೊಂದು ಬೀಕರಿನಲ್ಲಿ 3.5 ಗ್ರಾಂ ಫ್ಯೂಮರಿಕ್ ಆಮ್ಲವನ್ನು 3.6 ಗ್ರಾಂ ಸೋಡಿಯಂ ಹೈಡ್ರಾಕ್ಸೈಡಿನೊಂದಿಗೆ ಕರಗಿಸಿ, ಕಲಕುತ್ತಾ ಮೊದಲನೆಯದಕ್ಕೆ ಹನಿಹನಿಯಾಗಿ ಬಿಡಬೇಕು. ಹನಿ ಬಿದ್ದಲ್ಲೇ ಬಿಳಿ ಒತ್ತರ ಕಟ್ಟಿಕೊಳ್ಳುತ್ತದೆ. ಲೆಕ್ಕದ ಪ್ರಕಾರ ಸಿಗಬೇಕಾದದ್ದು 4.7 ಗ್ರಾಂ, ನಮಗೆ ನಾಲ್ಕು ಗ್ರಾಂಗೆ ಕಡಿಮೆಯಾದದ್ದಿಲ್ಲ. ತೊಂದರೆಯೊಂದೇ: ಕಣಗಳು ಬಹಳ ಸಣ್ಣವಾದ್ದರಿಂದ ಶೋಧಿಸುವಾಗ ಕಾಗದ ಕಟ್ಟಿಕೊಂಡು ಇಡೀ ಮಧ್ಯಾಹ್ನ ಹೋಗುತ್ತದೆ. ತೊಳೆದ ನೀರಿಗೆ ಒಂದು ಹನಿ ಬೇರಿಯಂ ಕ್ಲೋರೈಡ್ ಹಾಕಿ, ಬಿಳಿ ಮಬ್ಬು ಬಾರದಾಗ ಸಲ್ಫೇಟ್ ಹೋಗಿದೆ ಎಂದು ತಿಳಿಯಬಹುದು. ಪ್ರಥಮ ವರ್ಷದವರಿಗೂ ಗೊತ್ತಿರುವ ಪರೀಕ್ಷೆಯಿದು.

ಒಳಗೆ ಉಳಿಯುವುದು ನೀರು ಮಾತ್ರವಾದ್ದರಿಂದ 130 ಡಿಗ್ರಿಯ ಸಾಮಾನ್ಯ ಓವನ್ನೇ ಸಾಕಾಯಿತು. ಒಣಗಿದ ಪುಡಿಯನ್ನು ತಕ್ಕಡಿಯ ಮೇಲಿಟ್ಟು ಪಕ್ಕದ ಗಾಜಿನ ಬಾಗಿಲು ಸರಿಸಿದರೆ ಕೊನೆಯ ಅಂಕಿಗಳು ನಿಲ್ಲುವುದೇ ಇಲ್ಲ, ನೋಡನೋಡುತ್ತಿದ್ದಂತೆ ಏರುತ್ತಲೇ ಹೋಗುತ್ತವೆ. ಮರುದಿನ ಬೆಳಿಗ್ಗೆ ಒಂದು ಗ್ರಾಂ 1.38 ಗ್ರಾಂ ಆಗಿತ್ತು. ಅದೇ ಮಾದರಿಯನ್ನು ಇಪ್ಪತ್ತು ಬಾರಿ ಒಣಗಿಸಿ ಇಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಚೌಕಟ್ಟನ್ನು ಬೇಕಾದಂತೆ ವಿನ್ಯಾಸ ಮಾಡುವುದೇ ಉದ್ದೇಶವಾಗಿದ್ದರೆ ನನ್ನ ಆಯ್ಕೆ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಯುಐಓ-66ರಲ್ಲಿ ಟೆರೆಫ್ತಾಲಿಕ್ ಆಮ್ಲದ ಬದಲು ಅದರ ಅಮೈನೋ ರೂಪವನ್ನು ಹಾಕಿದರೆ ಅದೇ ಜಾಲದಲ್ಲಿ ರಂಧ್ರದ ಗುಣ ಬದಲಾಗುತ್ತದೆ; ಉದ್ದನೆಯ ಬೈಫಿನೈಲ್ ಡೈಕಾರ್ಬಾಕ್ಸಿಲಿಕ್ ಆಮ್ಲ ಹಾಕಿದರೆ ರಂಧ್ರ ದೊಡ್ಡದಾಗಿ ಯುಐಓ-67 ಆಗುತ್ತದೆ. ಪುಟ್ಟ ಫ್ಯೂಮರೇಟಿನಲ್ಲಿ ಅಂಥ ಅವಕಾಶ ಕಡಿಮೆ. ಅದರ ಒಂಟಿ ಹರಳೂ ಸುಲಭಕ್ಕೆ ಸಿಗುವುದಿಲ್ಲ. ರಚನೆಯನ್ನು ಪುಡಿಯ ವಿವರ್ತನೆಯಿಂದಲೇ ಬಿಡಿಸಬೇಕಾಯಿತು. ನಿರ್ವಾತ ಓವನ್, ಒಳ್ಳೆಯ ಫ್ಯೂಮ್ ಹುಡ್ ಮತ್ತು ದ್ರಾವಕಕ್ಕೆ ಹಣವಿರುವ ಪ್ರಯೋಗಾಲಯದವರು ಜಿರ್ಕೋನಿಯಂ ಕಡೆಗೇ ಹೋಗಲಿ.

ನಮ್ಮಲ್ಲಿ ಅವು ಮೂರೂ ಸಾಲದು, ಪ್ರಾಜೆಕ್ಟಿನ ಅವಧಿ ನಾಲ್ಕು ತಿಂಗಳು, ಮತ್ತು ಮಕ್ಕಳು ಡಿಎಂಎಫ್ ಆವಿಯಲ್ಲಿ ನಿಲ್ಲುವುದು ನನಗೆ ಇಷ್ಟವಿಲ್ಲ. ಈ ವರ್ಷದ ಬೇಡಿಕೆ ಪಟ್ಟಿಯಲ್ಲಿ ಫ್ಯೂಮರಿಕ್ ಆಮ್ಲ ಅರ್ಧ ಕಿಲೋ, ಸೂಕ್ಷ್ಮ ರಂಧ್ರದ ಶೋಧಕ ಕಾಗದ ಎರಡು ಡಬ್ಬಿ, ಉಸಿರು ತಾಗಿ ಬಣ್ಣ ಬದಲಾಗುವುದನ್ನು ಮೊದಲ ದಿನ ತೋರಿಸಲೆಂದು ಟ್ರೈಮೆಸಿಕ್ ಆಮ್ಲ ಐದು ಗ್ರಾಂ ಬರೆದಿದ್ದೇನೆ. ಅಲ್ಯುಮಿನಿಯಂ ಸಲ್ಫೇಟ್ ಕಪಾಟಿನಲ್ಲಿ ಸಾಕಷ್ಟಿದೆ.