ಹೋಟೆಲ್ ಟಿವಿಗೆ ಯಾವ ಕ್ಲೌಡ್? ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್ ಹಾಕಿ ನೋಡಿದ್ದು

ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನ ದರ್ಶಿನಿ ಇದೆ. ಕ್ಯಾಶ್ ಕೌಂಟರ್ ಮೇಲಿನ ಟಿವಿಯಲ್ಲಿ ಬೆಳಿಗ್ಗೆ ಇಡ್ಲಿ, ವಡೆ, ಖಾರಾಬಾತ್, ಸಂಜೆ ಮಸಾಲೆ ದೋಸೆ, ಬಜ್ಜಿ, ಹೀಗೆ ದರಪಟ್ಟಿ ಬರುತ್ತಿರುತ್ತದೆ. ಟಿವಿ ಹಿಂದೆ ಒಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಅದರಲ್ಲಿ ಸೈನೇಜ್ ಸಾಫ್ಟ್‌ವೇರ್, ಅಂದರೆ ಚಿತ್ರ, ವಿಡಿಯೊಗಳನ್ನು ಟಿವಿಯಲ್ಲಿ ಫಲಕದ ಹಾಗೆ ತೋರಿಸೋದು. ದರ ಬದಲಾದರೆ ಚಿಕ್ಕಪ್ಪ ಫೋನಿನಿಂದಲೇ ಹೊಸ ಚಿತ್ರ ಹಾಕುವಂತಿರಬೇಕು. ಅದಕ್ಕಾಗಿ ಮೂರು ಕ್ಲೌಡ್‌ಗಳನ್ನು ಒಂದಾದ ಮೇಲೊಂದು ಜೋಡಿಸಿ ನೋಡಿದೆ.

ಎಲ್ಲರೂ ಮೊದಲು ನೋಡೋದು ಉಚಿತ ಜಾಗ. ಗೂಗಲ್ ಡ್ರೈವ್‌ನಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5, ಡ್ರಾಪ್‌ಬಾಕ್ಸ್‌ನಲ್ಲಿ 2. ಈ ಕೆಲಸಕ್ಕೆ 2 ಜಿಬಿಯೂ ಧಾರಾಳ. ದರಪಟ್ಟಿಯ ಚಿತ್ರ ಒಂದೆರಡು ಎಂಬಿ, ಅರ್ಧ ನಿಮಿಷದ ಫುಲ್ ಎಚ್‌ಡಿ ವಿಡಿಯೊ ಸುಮಾರು 30 ಎಂಬಿ, ಅಷ್ಟೇ ಅಲ್ವಾ?

ನಿಜವಾದ ವ್ಯತ್ಯಾಸ ಇರೋದು ಲಿಂಕ್‌ನಲ್ಲಿ. ಡ್ರಾಪ್‌ಬಾಕ್ಸ್ ಲಿಂಕಿನ ಕೊನೆಯಲ್ಲಿ 'ಡಿಎಲ್=0' (dl=0) ಅಂತಿರುತ್ತದೆ. ಅದರ ಬದಲು 'ರಾ=1' (raw=1) ಅಂತ ಹಾಕಿದರೆ ಸೀದಾ ಚಿತ್ರವೇ ತೆರೆಯುತ್ತದೆ. ಅದೇ ಹೆಸರಿನ ಹೊಸ ಫೈಲನ್ನು ಹಳೆಯದರ ಮೇಲೆ ಹಾಕಿದರೂ ಲಿಂಕ್ ಹಾಗೇ ಉಳಿಯುತ್ತದೆ. ಸೈನೇಜ್‌ಗೆ ಇದಕ್ಕಿಂತ ಒಳ್ಳೆಯ ಗುಣ ಬೇಡ. ಡ್ರೈವ್ ಹಾಗಲ್ಲ. ಅದರ ಲಿಂಕ್ ಒತ್ತಿದರೆ ಬರೋದು ಚಿತ್ರ ತೋರಿಸುವ ಒಂದು ಪುಟ. ದೊಡ್ಡ ವಿಡಿಯೊ ಆದರೆ 'ವೈರಸ್ ಇದೆಯಾ ಅಂತ ನೋಡೋಕೆ ಆಗಲ್ಲ' ಅನ್ನೋ ಎಚ್ಚರಿಕೆ ಅಡ್ಡ ಬರುತ್ತದೆ. ಟಿವಿ ಮುಂದೆ ನಿಂತು ಅದಕ್ಕೆ ಹೂಂ ಅನ್ನೋರು ಯಾರು? ಫೈಲ್ ಅಳಿಸಿ ಮತ್ತೆ ಹಾಕಿದರೆ ಡ್ರೈವ್‌ನಲ್ಲಿ ಲಿಂಕೇ ಬೇರೆ. ಮೇಲಾಗಿ, ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇದ್ದರೂ ಅದು ಸುಮ್ನೆ ಇಟ್ಟುಕೊಳ್ಳುತ್ತದೆ.

ಲಿಂಕ್ ಮಟ್ಟಿಗೆ ಡ್ರಾಪ್‌ಬಾಕ್ಸ್ ಗೆದ್ದಿತು. ಆದರೆ ಲಿಂಕಿನಿಂದಲೇ ದಿನವಿಡೀ ವಿಡಿಯೊ ಓಡಿಸುವ ದಾರಿಯೇ ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ವಿಡಿಯೊ ಪ್ರತಿ ಸುತ್ತಿಗೂ ಇಂಟರ್ನೆಟ್‌ನಿಂದಲೇ ಬರುತ್ತಿದ್ದರೆ ಗಂಟೆಗೆ 3.6 ಜಿಬಿ ಆಗುತ್ತದೆ. ಉಚಿತ ಲಿಂಕ್‌ಗಳಿಗೆ ದಿನದ ಮಿತಿಯೂ ಇದೆ. ಬ್ರಾಡ್‌ಬ್ಯಾಂಡ್ ಹೋದರಂತೂ ಜನ ತುಂಬಿರೋ ಹೊತ್ತಲ್ಲೇ ದರಪಟ್ಟಿ ಮಾಯ. ಕ್ಲೌಡ್ ಏನಿದ್ದರೂ ಫೈಲ್ ತಲುಪಿಸಬೇಕು. ಟಿವಿ ಓಡಬೇಕಾದ್ದು ಪೈ ಒಳಗಿನ ಕಾಪಿಯಿಂದ.

ಹಾಗೆ ಕಾಪಿ ಇಳಿಸಿಕೊಳ್ಳೋಕೆ ಹೋದರೆ ಲೆಕ್ಕವೇ ಬದಲಾಗುತ್ತದೆ. ಈ ಮೂರರಲ್ಲಿ ಯಾವುದೂ ಪೈಗೆ ಅಂತ ತನ್ನದೇ ಆ್ಯಪ್ ಕೊಡುವುದಿಲ್ಲ. ಕ್ಲೌಡ್‌ನಿಂದ ಫೈಲ್ ಇಳಿಸಿಕೊಡುವ ಆರ್‌ಕ್ಲೋನ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಮೂರಕ್ಕೂ ಆಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಓಡುವ ಹಾಗೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ತಾನೇ ಓಡಿಸುವ, ಪೈ ಒಳಗಿನ ವ್ಯವಸ್ಥೆ) ಹಾಕಿಟ್ಟರೆ, ಬದಲಾದ ಫೈಲ್ ಮಾತ್ರ ಇಳಿಯುತ್ತದೆ. ಇಲ್ಲಿ ಲಿಂಕಿನ ಗೋಜೇ ಇಲ್ಲ, ಹಾಗಾಗಿ ಡ್ರಾಪ್‌ಬಾಕ್ಸ್‌ನ ಮೇಲುಗೈಯೂ ಉಳಿಯಲ್ಲ.

ಒನ್‌ಡ್ರೈವ್ ವಿಂಡೋಸ್ ಮಿನಿ ಪಿಸಿ ಇದ್ದವರಿಗೆ ಚೆನ್ನ, ಮೊದಲೇ ಒಳಗಿರುತ್ತದೆ. ಆದರೆ ಫೋಲ್ಡರ್‌ನಲ್ಲಿ ಕೆಲವೊಮ್ಮೆ ಫೈಲಿನ ಹೆಸರು ಮಾತ್ರ ಕಾಣುತ್ತದೆ, ಫೈಲ್ ಇನ್ನೂ ಕ್ಲೌಡ್‌ನಲ್ಲೇ ಇರುತ್ತದೆ. ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಯಾವಾಗಲೂ ಈ ಸಾಧನದಲ್ಲಿ ಇರಲಿ' ಅನ್ನೋದನ್ನು ಆರಿಸಲೇಬೇಕು.

ಕೊನೆಗೆ ನಾನು ಉಳಿಸಿಕೊಂಡಿದ್ದು ಡ್ರೈವ್. ಕಾರಣ ಒಂದೇ: ಚಿಕ್ಕಪ್ಪನ ಆಂಡ್ರಾಯ್ಡ್ ಫೋನಿನಲ್ಲಿ ಅದು ಆಗಲೇ ಇದೆ, ಅವರಿಗೆ ಹೊಸದಾಗಿ ಕಲಿಯೋದು ಏನೂ ಇಲ್ಲ. ಎರಡು ಫೈಲಿನ ಗೊಂದಲ ಆಗದಿರಲಿ ಅಂತ, ಹಳೆಯ ಚಿತ್ರ ಅಳಿಸಿ ಹೊಸದನ್ನು ಹಾಕಿ ಅಂತ ಹೇಳಿಕೊಟ್ಟಿದ್ದೇನೆ. ಚಿತ್ರ ಮಾಡಿಕೊಡೋ ಹುಡುಗನಿಗೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಬೇಡ, ಡಾಕ್ಯುಮೆಂಟ್ ಅಂತ ಕಳಿಸು ಅಂದಿದ್ದೇನೆ. ಇಲ್ಲದಿದ್ದರೆ ಸಣ್ಣ ಅಕ್ಷರದ ದರಗಳೆಲ್ಲ ಮಸುಕಾಗುತ್ತವೆ.

ಡ್ರೈವ್ ಆರಿಸೋರು ಎರಡು ವಿಷಯ ನೋಡಿಕೊಳ್ಳಿ. ಆರ್‌ಕ್ಲೋನ್‌ಗೆ ಗೂಗಲ್‌ನಲ್ಲಿ ನಿಮ್ಮದೇ ಕ್ಲೈಂಟ್ ಐಡಿ (ಡ್ರೈವ್ ತೆರೆಯಲು ಆರ್‌ಕ್ಲೋನ್ ತೋರಿಸುವ ಗುರುತು) ಮಾಡಿದಾಗ ಅದನ್ನು 'ಟೆಸ್ಟಿಂಗ್' ಅನ್ನೋ ಪ್ರಯೋಗದ ಹಂತದಲ್ಲೇ ಬಿಟ್ಟರೆ 7 ದಿನಕ್ಕೆ ಅನುಮತಿ ಮುಗಿಯುತ್ತದೆ. ಆಮೇಲೆ ಟಿವಿ ಓಡುತ್ತಲೇ ಇರುತ್ತದೆ, ಹಳೆಯ ದರದಲ್ಲಿ. ಇನ್ನೊಂದು, ಆ 15 ಜಿಬಿಯಲ್ಲಿ ಜಿಮೇಲ್, ಗೂಗಲ್ ಫೋಟೋಸ್ ಕೂಡ ಪಾಲು ಪಡೆಯುತ್ತವೆ. ಮನೆಯ ಮದುವೆ ಫೋಟೊ ತುಂಬಿರೋ ಖಾತೆ ಬೇಡ, ಹೋಟೆಲಿಗೇ ಅಂತ ಒಂದು ಬೇರೆ ಖಾತೆ ತೆರೆಯಿರಿ.