ಹಕ್ಕಿ ನೋಡೋಕೆ ಹೋದ ಹೋಂಸ್ಟೇ: ತೋಟಕ್ಕೆ ಪೂರ್ತಿ ಅಂಕ, ಗೈಡ್‌ಗೆ ಅರ್ಧ

ಮಾರ್ಚ್ ಮೊದಲ ವಾರ ಕೊಡಗಿನ ಕಕ್ಕಬ್ಬೆ ಕಡೆಯ ಒಂದು ಹೋಂಸ್ಟೇಯಲ್ಲಿ ಎರಡು ರಾತ್ರಿ ಇದ್ದೆವು. ಕೋಣೆ ಸಾಧಾರಣ. ಕಡಂಬುಟ್ಟು (ಅಕ್ಕಿ ತರಿಯ ಕಡುಬು), ಬೆಲ್ಲದ ಕಾಫಿ ಸೂಪರ್.

ಹೋಗಿದ್ದು ಹಕ್ಕಿಗಳಿಗೋಸ್ಕರ. ಚಳಿಗಾಲ ಕಳೆಯೋಕೆ ಹಿಮಾಲಯದ ಕಡೆಯಿಂದ ಬಂದವು ವಾಪಸ್ ಹೊರಡುವ ಸಮಯ ಇದು, ಇನ್ನೂ ತಡ ಮಾಡಿದರೆ ಖಾಲಿ ಕೊಂಬೆ ನೋಡಬೇಕಾಗುತ್ತದೆ. ತೋಡಿನ (ಸಣ್ಣ ಹಳ್ಳದ) ಕಲ್ಲಿನ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ ಮೊದಲ ದಿನವೇ ಸಿಕ್ಕಿತು. ನವರಂಗ ಹಕ್ಕಿ (ಇಂಡಿಯನ್ ಪಿಟ್ಟ) ಮಾತ್ರ ಸತಾಯಿಸಿತು. ಬೆಳಿಗ್ಗೆ ಆರಕ್ಕೆ ಎರಡು ಸ್ವರದ ಸಿಳ್ಳೆ ಕೇಳುತ್ತದೆ (ತಮಿಳರು ಇದನ್ನು 'ಆರು ಮಣಿ ಕುರುವಿ', ಅಂದ್ರೆ ಆರು ಗಂಟೆ ಹಕ್ಕಿ, ಅನ್ನೋದು ಸುಮ್ನೆ ಅಲ್ಲ), ಆದರೆ ಕಾಫಿ ಗಿಡದ ಬುಡದಲ್ಲಿ ತರಗೆಲೆ ಕೆದಕುತ್ತಾ ಇರುವ ಹಕ್ಕಿ ಕಣ್ಣಿಗೆ ಬೀಳೋಕೆ ಎರಡನೇ ದಿನ ನಲವತ್ತು ನಿಮಿಷ ಅಲ್ಲಾಡದೆ ಕೂರಬೇಕಾಯಿತು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ತೋಟವೆಲ್ಲ ಬೆಳ್ಳಗೆ, ಘಮ ಬೇರೆ! ಜಿಗಣೆಯೂ ಇಲ್ಲ.

ಬೇಸರ ಆಗಿದ್ದು ಗೈಡ್ ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯೋಕೆ ಹೊರಟಾಗ. ದೂರದ ಪ್ರಯಾಣಕ್ಕೆ ಮೈ ತುಂಬಿಸಿಕೊಳ್ಳುವ ಹಕ್ಕಿಯನ್ನು ಹೀಗೆ ಓಡಾಡಿಸೋದು ತಪ್ಪಲ್ವಾ? ಹೇಳಿದ ಮೇಲೆ ನಿಲ್ಲಿಸಿದರು. ದುರ್ಬೀನು ನೀವೇ ತನ್ನಿ, ಅವರದ್ದು ಮಸುಕು.