ಜೀವಂತ ಎರೆಗೆ ಸೆಲ್ ಪಂಪ್: ಭೀಮೆಯಲ್ಲೂ ಕಾಳಿಯಲ್ಲೂ ಬಳಸಿದ ಮೇಲೆ

ಯಾದಗಿರಿಯಲ್ಲಿ ಗಾಳ ಹಾಕುವವರಿಗೆ ದಸರಾ ಮುಗಿದ ಮೇಲೆ ಒಳ್ಳೆಯ ಕಾಲ. ಸೊನ್ನ ಬ್ಯಾರೇಜಿನಿಂದ ನೀರು ಬಿಡುವುದು ಕಡಿಮೆಯಾಗಿ ಭೀಮೆಯ ರಾಡಿ ಇಳಿಯುತ್ತದೆ. ಬಾಳೆ ಮೀನು, ಕೊರವ ಎರಡೂ ಬೇಟೆಯಾಡಿ ತಿನ್ನುವ ಮೀನು. ಗಾಳದಲ್ಲಿ ಮರಿಮೀನು ಮಿಸುಕಾಡುತ್ತಿದ್ದರೆ ಎಗರಿ ಬರುತ್ತವೆ. ಎರೆಯನ್ನು ಬದುಕಿಸಿ ಇಟ್ಟುಕೊಳ್ಳುವುದೇ ಅರ್ಧ ಕೆಲಸ ಅಲ್ವಾ?

ಅದಕ್ಕೇ ಎರೆಯ ಬಕೆಟ್ಟಿನ ನೀರಿಗೆ ಗಾಳಿ ಊದುವ ಈ ಪಂಪ್ ಕೊಂಡೆ. ಟಾರ್ಚಿನ ಎರಡು ದಪ್ಪ ಸೆಲ್, ಒಂದು ಪೈಪು, ತುದಿಗೆ ಏರ್ ಸ್ಟೋನ್, ಅಂದರೆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ತೂತುತೂತಿನ ಕಲ್ಲು. ಬಕೆಟ್ ಅಂಚಿಗೆ ಸಿಕ್ಕಿಸಿದರೆ ಆಯಿತು. ಹೊಸ ಸೆಲ್ ಹಾಕಿದರೆ ಬೆಳಿಗ್ಗೆಯಿಂದ ಸಂಜೆವರೆಗೆ ಚಿಂತೆಯಿಲ್ಲ. ಸದ್ದು ಸ್ವಲ್ಪ ಜಾಸ್ತಿ, ಅಷ್ಟೇ.

ಆದರೆ ನಮ್ಮ ಬಿಸಿಲಿಗೆ ಪಂಪ್ ಒಂದೇ ಸಾಲದು. 20 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಎಷ್ಟು ಗಾಳಿ ಊದಿದರೂ ಅದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಬಕೆಟ್ಟಿಗೆ ಹಸಿ ಗೋಣಿಚೀಲ ಸುತ್ತಿ ನೆರಳಿಗಿಡಿ. ಮರಿಗಳನ್ನು ತುಂಬಬೇಡಿ. ಸತ್ತದ್ದನ್ನು ತಕ್ಷಣ ತೆಗೆಯಿರಿ, ನೀರು ಕೆಡುತ್ತದೆ. ನಡುನಡುವೆ ಹೊಳೆಯ ನೀರನ್ನೇ ಸ್ವಲ್ಪಸ್ವಲ್ಪ ಬದಲಿಸಿ. ನಳದ ನೀರಿನ ಕ್ಲೋರಿನ್ ಮರಿಗಳನ್ನು ಕೊಂದುಬಿಡುತ್ತದೆ.

ದೀಪಾವಳಿ ರಜೆಗೆ ಕಾರವಾರಕ್ಕೆ ಹೋದಾಗ ಕಾಳಿ ನದಿ ಸಮುದ್ರ ಸೇರುವಲ್ಲಿ ಸಿಗಡಿ ಬದುಕಿಸಲು ಇದನ್ನೇ ಬಳಸುತ್ತೇನೆ. ಅಲ್ಲಿನ ಲೆಕ್ಕ ಬೇರೆ. ಅಷ್ಟೇ ಬಿಸಿ ಇದ್ದರೂ ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಹಾಗಾಗಿ ಬಕೆಟ್ಟಿಗೆ ಸಿಗಡಿ ಇನ್ನೂ ಕಡಿಮೆ ಹಾಕಬೇಕು. ಸಿಗಡಿ ಹಿಡಿದ ಜಾಗದ ನೀರೇ ಆಗಬೇಕು. ಉಪ್ಪು ಒಮ್ಮೆಲೇ ಹೆಚ್ಚುಕಡಿಮೆಯಾದರೆ ಅವು ಸೊರಗುತ್ತವೆ.

ನನ್ನ ದೂರು ಸೆಲ್ ಕೂಡುವ ಜಾಗದ್ದು. ಮುಚ್ಚಳದ ರಬ್ಬರ್ ತೆಳು. ಉಪ್ಪುನೀರು ಸಿಡಿದು ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯಿತು, ಪಂಪ್ ನಿಂತು ನಿಂತು ಓಡತೊಡಗಿತು. ಮಾರಿದವರನ್ನು ಕೇಳಿದರೆ ವಾರಂಟಿಗೆ ಬರುವುದಿಲ್ಲ ಎಂದರು. ನೀರಿನ ಹತ್ತಿರವೇ ಇಡುವ ಸಾಮಾನಿಗೆ ಇದು ಸರಿಯಲ್ಲ. ಮರಳು ಕಾಗದದಿಂದ ಉಜ್ಜಿ, ಚೂರು ವ್ಯಾಸಲೀನ್ ಹಚ್ಚಿದ ಮೇಲೆ ಈಗ ಚೆನ್ನಾಗಿ ಓಡುತ್ತಿದೆ.

ಭೀಮೆಯ ಕಪ್ಪು ಮಣ್ಣಿನಿಂದ ಏರ್ ಸ್ಟೋನಿನ ತೂತುಗಳೂ ಕಟ್ಟುತ್ತವೆ. ಆಗ ಗುಳ್ಳೆ ದಪ್ಪವಾಗಿ ಸುಮ್ನೆ ಮೇಲೇಳುತ್ತವೆ. ಸಣ್ಣ ಗುಳ್ಳೆಯಿಂದಲೇ ಗಾಳಿ ನೀರಿಗೆ ಚೆನ್ನಾಗಿ ಬೆರೆಯುವುದು. ಅಕ್ವೇರಿಯಂ ಅಂಗಡಿಯಲ್ಲಿ ಹೊಸ ಸ್ಟೋನ್ ಅಗ್ಗಕ್ಕೆ ಸಿಗುತ್ತದೆ, ಚೀಲದಲ್ಲಿ ಒಂದು ಜಾಸ್ತಿ ಇಟ್ಟುಕೊಳ್ಳಿ.